ಚೀಟಿಯಲ್ಲಿ ದೇಶ ಇದೆ, ಅಕ್ಕ ಇಲ್ಲ

ಹೋದ ತಿಂಗಳು ಟೀಮ್ ಔಟಿಂಗಿಗೆ ಟೀ ಶರ್ಟ್ ಮಾಡಿಸೋ ಕೆಲಸ ನನ್ನ ತಲೆಗೆ ಬಿತ್ತು. ಮೀಟಿಂಗಿನಲ್ಲಿ ಎಲ್ಲರದ್ದೂ ಒಂದೇ ಷರತ್ತು: ‘ಚೀನಾ, ಬಾಂಗ್ಲಾ ಮಾಲು ಬೇಡ ಗುರು, ಮೇಡ್ ಇನ್ ಇಂಡಿಯಾನೇ ಇರ್ಲಿ.’ ಸರಿ ಅಂದೆ. ಮೂರು ಕೊಟೇಶನ್ ಬಂದವು, ಮೂರೂ ಇಂಡಿಯಾದವೇ. ಯಾವುದನ್ನ ಆರಿಸಿದ್ವಿ ಹೇಳಿ? ಎಲ್ಲಕ್ಕಿಂತ ಅಗ್ಗದ್ದು. ಅದೂ ‘ನಾಲ್ಕು ದಿನದಲ್ಲಿ ಕೊಟ್ರೆ ಮಾತ್ರ ಆರ್ಡರ್’ ಅಂತ ಹೇಳಿ. ಅಲ್ಲಿಗೆ ನಮ್ಮ ದೇಶಪ್ರೇಮ ಮುಗೀತು.

ಕಾಲರ್ ಹಿಂದಿನ ಆ ಚೀಟಿ ನಮಗೆ ಹೇಳೋದಾದ್ರೂ ಏನು? ಬಟ್ಟೆ ಹೊಲಿದ ದೇಶದ ಹೆಸರು, ಅಷ್ಟೆ. ಹತ್ತಿ ಎಲ್ಲಿ ಬೆಳೀತು, ನೂಲು ಎಲ್ಲಿ ಆಯ್ತು, ಬಣ್ಣ ಎಲ್ಲಿ ಹಾಕಿದ್ರು ಅಂತ ಹೇಳಲ್ಲ. ಬಾಂಗ್ಲಾದೇಶ ತನಗೆ ಬೇಕಾದ ಹತ್ತಿಯ ಬಹುಪಾಲನ್ನು ಹೊರಗಿನಿಂದ ತರಿಸುತ್ತೆ. ಹತ್ತಿ, ನೂಲು ಎರಡನ್ನೂ ನಮ್ಮಿಂದಲೂ ಕೊಳ್ಳುತ್ತೆ. ನೀವು ಪರದೇಶದ್ದು ಅಂತ ವಾಪಸ್ ಇಟ್ಟ ಶರ್ಟಿನಲ್ಲಿ ಹಾವೇರಿ ರೈತನ ಹತ್ತಿ ಇದ್ದರೂ ಇರಬಹುದು. ನಮ್ಮದು ಅಂತ ಎದೆಯುಬ್ಬಿಸಿ ಹಾಕ್ಕೊಂಡ ಜಾಕೆಟ್ಟಿನ ಪಾಲಿಯೆಸ್ಟರ್ ಚೀನಾದಿಂದ ಬಂದಿರಬಹುದು.

‘ಹೋಗ್ಲಿ, ಹೊಲಿದವರಾದ್ರೂ ನಮ್ಮವರಲ್ವಾ?’ ಅಂತೀರಿ. ಹೌದು, ನಮ್ಮವರೇ. ನನ್ನ ಅಕ್ಕನೇ.

ಮದ್ದೂರು ಹತ್ತಿರದ ನಮ್ಮೂರಿಂದ ಬಂದ ಅಕ್ಕ ಬೊಮ್ಮನಹಳ್ಳಿಯ ಒಂದು ಶೀಟಿನ ಮನೇಲಿದ್ದು ಗಾರ್ಮೆಂಟ್ಸಿಗೆ ಹೋಗ್ತಿದ್ಲು. ಗಂಟೆಗಿಷ್ಟು ಪೀಸ್ ಅಂತ ಟಾರ್ಗೆಟ್. ಎದ್ದು ಹೋದ್ರೆ ಪೀಸ್ ಕಮ್ಮಿಯಾಗುತ್ತೆ ಅಂತ ಬೆಳಗಿಂದ ನೀರೇ ಕುಡೀತಿರಲಿಲ್ಲ. ಅವಳು ಕೂರಿಸಿದ ಕಾಲರ್‌ಗಳಿಗೆಲ್ಲ ‘ಮೇಡ್ ಇನ್ ಇಂಡಿಯಾ’ ಅನ್ನೋ ಚೀಟಿಯೇ ಇತ್ತು. ನನ್ನ ಬಿಇ ಮೂರನೇ ವರ್ಷದ ಫೀಸಿಗೆ ಗತಿಯಿಲ್ಲದಾಗ ಕೆಲಸ ಬಿಟ್ಟು ಪಿಎಫ್ ತೆಗೆದಳು. ‘ಇನ್ನೊಂದು ಫ್ಯಾಕ್ಟ್ರಿಗೆ ಸೇರ್ಕೋತೀನಿ, ನೀನು ಓದ್ಲಾ’ ಅಂದಳು.

2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸಿತು. ಮಾಲೀಕರು ಕಟ್ಟುವ ಪಾಲನ್ನು 58 ವರ್ಷ ತುಂಬೋವರೆಗೂ ತೆಗೆಯೋ ಹಾಗಿಲ್ಲ ಅಂತು. ಏಪ್ರಿಲ್ 18ರ ಸೋಮವಾರ ಬೊಮ್ಮನಹಳ್ಳಿಯಲ್ಲಿ ಗಾರ್ಮೆಂಟ್ಸ್ ಹೆಂಗಸರು ಬೀದಿಗಿಳಿದರು. ಹೊಸೂರು ರೋಡ್ ನಿಂತೇ ಹೋಯ್ತು. ನಾನು ಕಂಪನಿ ಬಸ್ಸಿನ ಏಸಿಯಲ್ಲಿ ಕೂತಿದ್ದೆ. ‘ಈ ಗಾರ್ಮೆಂಟ್ಸ್‌ನೋರಿಗೆ ಬೇರೆ ಕೆಲಸ ಇಲ್ವಾ’ ಅಂತ ಹಿಂದಿನ ಸೀಟಿನಿಂದ ಮಾತು ಬಂತು. ಆ ಗುಂಪಿನಲ್ಲಿ ನನ್ನ ಅಕ್ಕ ಇದ್ದಾಳೆ ಅಂತ ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಮರುದಿನ ಸರ್ಕಾರ ಆ ನಿಯಮ ವಾಪಸ್ ತಗೊಂಡಿತು. ಬಸ್ಸಿನಲ್ಲಿ ಕೂತಿದ್ದ ನಮ್ಮ ಪಿಎಫ್‌ಗೂ ಅದೇ ನಿಯಮ ಇತ್ತು ಸ್ವಾಮಿ. ಲಾಠಿ ಏಟು ಮಾತ್ರ ಅವರು ತಿಂದರು.

ಹಾಗಂತ ಬಾಂಗ್ಲಾದೇಶ ಸ್ವರ್ಗ ಅಂತ ನಾನು ಹೇಳ್ತಿಲ್ಲ. 2013ರ ಏಪ್ರಿಲ್ 24ರಂದು ಢಾಕಾ ಪಕ್ಕದ ಸಾವರ್‌ನಲ್ಲಿ ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಕೆಳಗಿದ್ದ ಬ್ಯಾಂಕು ತನ್ನ ನೌಕರರನ್ನು ಮನೆಗೆ ಕಳಿಸಿತು, ಹೊಲಿಗೆಯವರನ್ನು ಮಾತ್ರ ಮೇಲಕ್ಕೆ ಹತ್ತಿಸಿದರು. ಜಗತ್ತೆಲ್ಲ ಛೀ ಅಂದ ಮೇಲೆ ದೊಡ್ಡ ಬ್ರ್ಯಾಂಡುಗಳು ಕಾರ್ಮಿಕ ಸಂಘಟನೆಗಳ ಜೊತೆ ಕೂತು, ಕಾನೂನಿನ ಬಲ ಇರುವ ಸುರಕ್ಷತಾ ಒಪ್ಪಂದಕ್ಕೆ ಸಹಿ ಹಾಕಿದವು. ಸಾವಿರಕ್ಕೂ ಹೆಚ್ಚು ಕಾರ್ಖಾನೆಗಳ ತಪಾಸಣೆ ಆಯ್ತು. ಚೀಟಿ ಮೇಲಿನ ದೇಶ ಅದೇ ಇತ್ತು, ಕಾರ್ಖಾನೆ ಬದಲಾಯ್ತು. ಬದಲಾಗಿದ್ದು ಕೇಳುವವರು ಕೇಳಿದ್ದಕ್ಕೆ.

‘ದೇಶದ ದುಡ್ಡು ದೇಶದಲ್ಲೇ ಉಳೀಬೇಕಲ್ವಾ?’ ಉಳೀಲಿ ಕಣ್ರೀ, ಬೇಡ ಅಂದೋರು ಯಾರು? ಅಮ್ಮನಿಗೆ ನಾನು ತರೋದೂ ಇಳಕಲ್ ಸೀರೆನೇ. ಆದ್ರೆ ಉಳಿದ ದುಡ್ಡು ಯಾರ ಹತ್ರ ಉಳೀತು ಅಂತ ಕೇಳದಿದ್ರೆ ಅದು ಸ್ವದೇಶಿ ಅಲ್ಲ, ಬರೀ ಅಗ್ಗದ ವ್ಯಾಪಾರ. ದೇಶ ನೋಡಬೇಡಿ ಅಂತಲ್ಲ, ನೋಡಿ. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಯಾವ ಕಾರ್ಖಾನೆ, ಎಷ್ಟು ಸಂಬಳ, ಸಂಘ ಕಟ್ಟೋಕೆ ಬಿಡ್ತಾರಾ? ಕೆಲವು ಬ್ರ್ಯಾಂಡುಗಳು ತಮಗೆ ಹೊಲಿದು ಕೊಡುವ ಕಾರ್ಖಾನೆಗಳ ಪಟ್ಟಿಯನ್ನ ವೆಬ್‌ಸೈಟಿನಲ್ಲೇ ಹಾಕ್ತಾವೆ. ಹಾಕದವರನ್ನ ಯಾಕೆ ಹಾಕಿಲ್ಲ ಅಂತ ಕೇಳಿ. ಒಂದು ಫೋನಿಗೆ ಹತ್ತು ರಿವ್ಯೂ ಓದೋ ನಮಗೆ ಇಷ್ಟು ಕಷ್ಟ ಆಗಲ್ಲ.

ನಾನೇನು ಸಾಚಾ ಅಲ್ಲ. ಟೀ ಶರ್ಟ್ ಆರ್ಡರ್ ಕೊಟ್ಟ ರಾತ್ರಿ ಅಕ್ಕ ನೆನಪಾಗಿ ವೆಂಡರ್‌ಗೆ ಫೋನ್ ಮಾಡಿದೆ. ‘ನಿಮ್ಮ ಹೊಲಿಗೆಯವರಿಗೆ ಓಟಿ ಕೊಡ್ತೀರಾ? ಡಬಲ್ ಕೊಡಬೇಕು ಅಂತ ಕಾನೂನಿದೆ’ ಅಂದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: ‘ಇರೋದ್ರಲ್ಲೇ ಕಮ್ಮಿ ರೇಟು, ನಾಲ್ಕು ದಿನ ಟೈಮು. ಇಷ್ಟು ಕೊಟ್ಟು ಈ ಪ್ರಶ್ನೆ ಕೇಳ್ತೀರಲ್ಲಾ ಸಾರ್?’