ಕ್ರಾಪು ಕೆದರದ ಹೀರೋಗೆ ಹುಣಸೆಬೀಜದ ಕಾನೂನು

ಹತ್ತು ಜನ ಸೇರಿ ಚಚ್ಚಿದರೂ ಕ್ರಾಪು ಕೆದರದ ಹೀರೋ ನಮ್ಮ ಸಿನಿಮಾದಲ್ಲಿ ಮಾತ್ರ ಇದ್ದಾನೆ ಅಂದುಕೊಂಡಿರಾ, ಓದುಗ ಮಹಾಶಯರೇ? ಇಲ್ಲ ಸ್ವಾಮಿ, ಮೇಜಿನ ಮೇಲೂ ಇದ್ದಾನೆ! 1974ರಲ್ಲಿ, ನಮ್ಮಲ್ಲಿ 'ಭೂತಯ್ಯನ ಮಗ ಅಯ್ಯು' ತೆರೆಕಂಡ ವರ್ಷವೇ, ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟ ಹೊರತಂದರು. ಒಬ್ಬ ಕಥೆ ನಡೆಸುತ್ತಾನೆ, ಉಳಿದವರಿಗೆ ಒಂದೊಂದು ಪಾತ್ರ, ಏಟು ತಾಗಿತೋ ಇಲ್ಲವೋ ಹೇಳೋದು ದಾಳ. ಪ್ರತಿ ಪಾತ್ರಕ್ಕೂ ಪ್ರಾಣಕ್ಕೆ ಇಷ್ಟು ಅಂಕ. ಒಂದೇ ಅಂಕ ಉಳಿದಿದ್ದರೂ ಹೀರೋ ಕತ್ತಿ ಬೀಸೋ ಜೋರು ಕಮ್ಮಿಯಾಗೋಲ್ಲ. ಸೊನ್ನೆಗೆ ಬಂದರೆ ಮಾತ್ರ ಧೊಪ್! ಇದು ಸುಳ್ಳು ಅಂದವರೂ ಇದ್ದರು. 1978ರ 'ರೂನ್‌ಕ್ವೆಸ್ಟ್' ಆಟ ತಲೆಗೆ ಬೇರೆ, ಕೈಗೆ ಬೇರೆ, ಕಾಲಿಗೆ ಬೇರೆ ಅಂಕ ಕೊಟ್ಟಿತು.

ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯಲ್ಲಿ ನನಗೆ ಪರಿಚಯದ ನಾಲ್ಕು ಹುಡುಗರು ಈ ಬಗೆಯ ಆಟಕ್ಕೆ ತಮ್ಮದೇ ಕಾನೂನು ಕಟ್ಟಿಕೊಂಡಿದ್ದಾರೆ. ಕಥೆ ಕೋಟೆಯದಲ್ಲ, ಬರದ ಊರಿನದು. ದಾಳದ ಬದಲು, ಚೌಕಾಬಾರದಲ್ಲಿ ಎಸೆದಂಗೆ, ಒಂದು ಮಗ್ಗುಲು ತೇಯ್ದ ನಾಲ್ಕು ಹುಣಸೆಬೀಜ. ಇದರಲ್ಲೊಂದು ಮರ್ಮವಿದೆ. ದಾಳದಲ್ಲಿ ಒಂದೂ ಆರೂ ಸಮಸಮ. ಬೀಜ ಎರಡು ಮಗ್ಗುಲಿಗೂ ಸಮವಾಗಿ ಬೀಳುತ್ತೆ ಅಂತ ಇಟ್ಟುಕೊಂಡರೆ, 16 ಸಲಕ್ಕೆ 6 ಸಲ ಎರಡು ಬಿಳಿ. ನಾಲ್ಕೂ ಬಿಳಿ ಒಂದೇ ಸಲ, ನಾಲ್ಕೂ ಕಪ್ಪು ಒಂದೇ ಸಲ. ಪವಾಡವೂ ಅಪರೂಪ, ಅನಾಹುತವೂ ಅಪರೂಪ.

ಅಂಕ ಅರ್ಧಕ್ಕಿಳಿದವನಿಗೆ ಒಂದು ಬೀಜ ಕಮ್ಮಿ. ಭೇಷ್! 15 ಲೀಟರಿನ ಬಿಂದಿಗೆ ಹೊತ್ತವನು ಓಡೋ ಹಾಗಿಲ್ಲ, ನೀರೇ 15 ಕೆ.ಜಿ. ಅದೂ ಸರಿ. ಆದರೆ ಚಪ್ಪಲಿ ಸವೆಯೋದಕ್ಕೂ ಅಂಕ ಅಂತ ಒಬ್ಬ ತಂದ ನೋಡಿ, ಆಟ ಸೊಸೈಟಿ ಲೆಕ್ಕದ ಪುಸ್ತಕವಾಯ್ತು. ಎರಡೇ ದಿನಕ್ಕೆ ಕೈಬಿಟ್ಟರು.

ಜಗಳ ಬಂದದ್ದು ಬೋರ್‌ವೆಲ್‌ಗೆ. ನಾಲ್ಕೂ ಕಪ್ಪು ಬಿದ್ದರೆ ಬೋರು ಫೇಲು, ಸಾಲ ತಲೆ ಮೇಲೆ ಅಂದ ಕಥೆ ನಡೆಸೋ ಹುಡುಗ. ಮನೆಯ ಎರಡು ಬೋರು ಬತ್ತಿದ್ದ ಇನ್ನೊಬ್ಬ ಬೀಜ ಕೆಳಗಿಟ್ಟ.

"16ಕ್ಕೆ ಒಂದಾ ಅಣ್ಣಾ? ನಮ್ಮಪ್ಪಂಗೆ ಇಷ್ಟು ಸಲೀಸಾಗಿರಲಿಲ್ಲ. ಹಾಕೋದಾದ್ರೆ ಸರಿಯಾಗಿ ಹಾಕು, ಇಲ್ಲಾಂದ್ರೆ ಬೇಡ."

ಯಾರೂ ಉಸಿರೆತ್ತಲಿಲ್ಲ. ಕೊನೆಗೆ ಕಾನೂನು ಬರೆದವನೂ ಅವನೇ: ಮೂರೋ ನಾಲ್ಕೋ ಬಿಳಿ ಬಿದ್ದರೆ ಮಾತ್ರ ನೀರು. ಅಂದರೆ 16ಕ್ಕೆ 5. ಜೊತೆಗೆ, ಕೊರೆಸೋ ಮುಂಚೆ ತಾಯಿ ಪಾತ್ರದವರು ಒಪ್ಪಲೇಬೇಕು.

ಕಳೆದ ಭಾನುವಾರ ತಾಯಿ ಪಾತ್ರದ ಹುಡುಗ ಬಳೆ ಬಿಚ್ಚಿ ಕೊಡೋಲ್ಲ ಅಂದುಬಿಟ್ಟ. ಬೋರು ನಿಂತಿತು. ಮನೆಮಂದಿ ಬೆಂಗಳೂರು ಬಸ್ಸು ಹತ್ತಬೇಕೋ ಬೇಡವೋ, ಈ ಭಾನುವಾರ ತೀರ್ಮಾನ.