ಹೊಗಳಿ ಕೈತೊಳೆದುಕೊಂಡ ವರ್ಷ

2020ರ ಮೇ ತಿಂಗಳಲ್ಲಿ, ನಾನಿರುವ ಈ ಗುರುಗ್ರಾಮದಿಂದ 15 ವರ್ಷದ ಒಬ್ಬ ಹುಡುಗಿ ಹಳೆಯ ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಅಪ್ಪನನ್ನು ಕೂರಿಸಿಕೊಂಡು ಬಿಹಾರದ ದರ್ಭಂಗಾ ಕಡೆಗೆ ಹೊರಟಳು. ಸುಮಾರು 1,200 ಕಿಲೋಮೀಟರ್ ದಾರಿ. ಅಪ್ಪ ಇಲ್ಲಿ ಇ-ರಿಕ್ಷಾ ಓಡಿಸುತ್ತಿದ್ದವರು. ಅಪಘಾತದಲ್ಲಿ ಪೆಟ್ಟಾಗಿ ದುಡಿಮೆ ನಿಂತಿತ್ತು. ಲಾಕ್‌ಡೌನ್ ಬಂದ ಮೇಲೆ ಕೈಯಲ್ಲಿ ಕಾಸಿಲ್ಲ, ಬಾಡಿಗೆ ಬಾಕಿ. ಹುಡುಗಿ ಊರು ತಲುಪಿದಳು. ಸುದ್ದಿ ಅವಳಿಗಿಂತ ದೂರ ಹೋಯಿತು. ಅಮೆರಿಕದ ಅಂದಿನ ಅಧ್ಯಕ್ಷರ ಮಗಳು ಇದನ್ನು ಸಹನೆ ಮತ್ತು ಪ್ರೀತಿಯ ಸುಂದರ ಸಾಹಸವೆಂದು ಮೆಚ್ಚಿ ಟ್ವೀಟ್ ಮಾಡಿದರು. ಸೈಕ್ಲಿಂಗ್ ಫೆಡರೇಶನ್ ಅವಳನ್ನು ಆಯ್ಕೆ ಪರೀಕ್ಷೆಗೆ ಕರೆಯಿತು. ಮರುವರ್ಷ ಜನವರಿಯಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಬಾಲ ಪುರಸ್ಕಾರ ಬಂತು. ಮೇ ತಿಂಗಳಲ್ಲಿ ಆ ಅಪ್ಪ ಹೃದಯಾಘಾತದಿಂದ ತೀರಿಕೊಂಡರು.

ಈ ಕತೆಯನ್ನು ನೀವೂ ಓದಿರುತ್ತೀರಿ, ಕಣ್ಣು ಒದ್ದೆ ಮಾಡಿಕೊಂಡಿರುತ್ತೀರಿ. ನಾನೂ ಮಾಡಿಕೊಂಡಿದ್ದೆ. ಇಂದು ಆ ಕಣ್ಣೀರಿನ ಮೇಲೇ ನನಗೆ ಅನುಮಾನ. ಒಂದು ಮಗು ಗಾಯಾಳು ತಂದೆಯನ್ನು ಹೊತ್ತು ಮೂರು ರಾಜ್ಯ ದಾಟಬೇಕಾಯಿತು ಎಂದರೆ ಅದು ಸಾಹಸವಲ್ಲ, ದೂರು. ಆ ದೂರನ್ನು ನಾವು ಪದಕ ಮಾಡಿ ಅವಳ ಕೊರಳಿಗೇ ಹಾಕಿ ಕಳಿಸಿದೆವು. ಆ ವರ್ಷದ ನಮ್ಮ ಸಾರ್ವಜನಿಕ ಬದುಕಿನ ಬಗ್ಗೆ ನಾನು ಹೇಳಬೇಕೆಂದಿರುವುದು ಇಷ್ಟೇ: ಕೊಡಬೇಕಾದದ್ದನ್ನು ಕೊಡದೆ ಇರಲು ನಾವು ಕಂಡುಕೊಂಡ ಅತ್ಯಂತ ಅಗ್ಗದ ಉಪಾಯ ಹೊಗಳಿಕೆ.

ಗುರುಗ್ರಾಮವನ್ನು ದೂರದಿಂದ ಕಂಡವರಿಗೆ ಗಾಜಿನ ಕಟ್ಟಡಗಳು ನೆನಪಾಗುತ್ತವೆ. ಉದ್ಯೋಗ ವಿಹಾರದಲ್ಲಿ ಬಟ್ಟೆ ಹೊಲಿಯುವವರು ಮಲಗುವುದು ದೆಹಲಿ ಗಡಿಯಾಚೆಗಿನ ಕಾಪಸಹೇಡಾದ ಒಂದೇ ಕೋಣೆಯ ಸಾಲುಮನೆಗಳಲ್ಲಿ. ಮಾನೇಸರದ ಕಾರು ಕಾರ್ಖಾನೆಗಳ ಗುತ್ತಿಗೆ ಕಾರ್ಮಿಕರು ಸುತ್ತಲ ಹಳ್ಳಿಗಳಲ್ಲಿ ಬಾಡಿಗೆಗೆ ಇರುತ್ತಾರೆ. ಲೈನು ಓಡಿದರೆ ಕೂಲಿ, ಕೂಲಿ ಬಂದರೆ ಬಾಡಿಗೆ. 2020ರ ಏಪ್ರಿಲ್‌ನಲ್ಲಿ ಮಾರುತಿ ಸುಜುಕಿ ದೇಶದೊಳಗೆ ಒಂದೇ ಒಂದು ಕಾರನ್ನೂ ಮಾರಲಿಲ್ಲ. ಆ ಸೊನ್ನೆಯನ್ನು ಷೇರುದಾರರು ಪತ್ರಿಕೆಯಲ್ಲಿ ಓದಿದರು. ಸಾಲುಮನೆಯವರು ಅದನ್ನು ಅಕ್ಕಿ ಡಬ್ಬಿಯಲ್ಲಿ ನೋಡಿದರು.

ನನ್ನ ಪಾಲನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಬರಹಕ್ಕೆ ಮುಖವಿಲ್ಲ. ಏಪ್ರಿಲ್ 5ರ ರಾತ್ರಿ 9 ಗಂಟೆಗೆ 9 ನಿಮಿಷ ದೀಪ ಹಚ್ಚಿದಾಗ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪು ಫೋಟೋಗಳಿಂದ ತುಂಬಿ ಹೋಯಿತು. ಮನೆಗೆಲಸಕ್ಕೆ ಬರಲಾಗದ ಹೆಂಗಸರಿಗೆ ಏಪ್ರಿಲ್ ಸಂಬಳ ಕೊಡೋಣವೇ ಎಂದು ಅದೇ ವಾರ ಒಬ್ಬ ಹಿರಿಯರು ಕೇಳಿದ್ದರು. ಅದಕ್ಕೆ ಬಂದದ್ದು ನಾಲ್ಕು ಹೆಬ್ಬೆರಳು. ಆ ನಾಲ್ಕರಲ್ಲಿ ನನ್ನದೂ ಒಂದು. ನಮ್ಮ ಮನೆಯ ದೀದಿಗೆ ಏಪ್ರಿಲ್ ಸಂಬಳ ಪೂರ್ತಿ ಕೊಟ್ಟೆ, ಮೇ ತಿಂಗಳದ್ದು ಅರ್ಧ, ಜೂನ್‌ನಲ್ಲಿ ಫೋನ್ ಮಾಡಲು ನಾಚಿಕೆಯಾಗಿ ಸುಮ್ಮನಾದೆ. ದೀಪ ಮಾತ್ರ ಪೂರ್ತಿ ಒಂಬತ್ತು ನಿಮಿಷ ಉರಿಸಿದ್ದೆ.

ಸರ್ಕಾರ ಏನೂ ಮಾಡಲಿಲ್ಲ ಎನ್ನುವುದು ಸುಳ್ಳು. ಮಾರ್ಚ್ 24ರ ರಾತ್ರಿ 8ಕ್ಕೆ ಘೋಷಿಸಿ ನಾಲ್ಕು ಗಂಟೆಯಲ್ಲಿ ದೇಶವನ್ನು ಬಾಗಿಲು ಹಾಕಿಸಿದ ಐದು ದಿನಕ್ಕೆ ಗೃಹ ಸಚಿವಾಲಯ ಒಂದು ಆದೇಶ ಹೊರಡಿಸಿತು. ಮುಚ್ಚಿದ ಅವಧಿಗೂ ಕೂಲಿ ಕಡಿತವಿಲ್ಲದೆ ಕೊಡಬೇಕು, ಕಾರ್ಮಿಕರಿಂದ ಒಂದು ತಿಂಗಳು ಬಾಡಿಗೆ ಕೇಳಬಾರದು. ಒಳ್ಳೆಯ ಆದೇಶ. ಕೊಡುವವರು ಯಾರು, ಕೊಡದಿದ್ದರೆ ಹಿಡಿದು ಕೇಳುವವರು ಯಾರು ಎಂಬುದು ಮಾತ್ರ ಸಾಲುಮನೆಯ ಬಾಗಿಲಿಗೆ ಬರಲಿಲ್ಲ. ಮೇ 18ರಿಂದ ಕೂಲಿಯ ಆದೇಶವೇ ಇಲ್ಲವಾಯಿತು. ಜೂನ್ 12ರಂದು ಸುಪ್ರೀಂ ಕೋರ್ಟ್, ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ, ಕಾರ್ಮಿಕರೊಂದಿಗೆ ಮಾತಾಡಿ ಬಗೆಹರಿಸಿಕೊಳ್ಳಲಿ ಎಂದಿತು. ಊರು ಸೇರಿದ್ದ ಕೂಲಿಯವನು ಮಾನೇಸರದ ಮಾಲೀಕನ ಜೊತೆ ಯಾವ ಮೇಜಿನ ಮುಂದೆ ಕೂತು ಮಾತಾಡಬೇಕಿತ್ತು? ರೇಷನ್ ಕಾರ್ಡಿಲ್ಲದ ವಲಸಿಗರಿಗೂ ಎರಡು ತಿಂಗಳು ಧಾನ್ಯ ಕೊಡುತ್ತೇವೆ ಎಂಬ ಮಾತು ಕೇಂದ್ರದಿಂದ ಬಂದದ್ದು ಮೇ 14ಕ್ಕೆ. ಅಷ್ಟರಲ್ಲಿ ಏಳು ವಾರ ಕಳೆದಿತ್ತು.

ಇದೆಲ್ಲ ಉತ್ತರದವರ ಕತೆ, ನಮ್ಮ ಕಡೆ ಹಾಗಿಲ್ಲ ಎಂದುಕೊಳ್ಳುವ ಕನ್ನಡಿಗ ಓದುಗರಿಗೆ ಮೇ 5ನೇ ತಾರೀಕನ್ನು ನೆನಪಿಸಬೇಕು. ಅಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪನವರು ಬಿಲ್ಡರುಗಳ ಸಂಘದವರೊಡನೆ ಸಭೆ ನಡೆಸಿದರು. ಅದರ ಬೆನ್ನಲ್ಲೇ ವಲಸೆ ಕಾರ್ಮಿಕರ ಶ್ರಮಿಕ್ ರೈಲುಗಳು ಬೇಡವೆಂದು ರಾಜ್ಯ ಸರ್ಕಾರ ರೈಲ್ವೆಗೆ ಬರೆಯಿತು. ಕಟ್ಟಡ ಕೆಲಸ ಮತ್ತೆ ಶುರುವಾಗುತ್ತದೆ, ಆಳು ಬೇಕು, ಆದ್ದರಿಂದ ಆಳು ಊರಿಗೆ ಹೋಗಬಾರದು. ದೇಶವೆಲ್ಲ ಛೀ ಅಂದ ಮೇಲೆ ಎರಡು ಮೂರು ದಿನದಲ್ಲಿ ರೈಲು ಮತ್ತೆ ಬಂತು. ಜೀತವನ್ನು 1976ರಲ್ಲೇ ಕಾನೂನಿನಿಂದ ತೆಗೆದುಹಾಕಿದ ದೇಶ ಇದು. ಪರಾರಿಯಾಗುತ್ತಾರೆಂದು ಆಳುಗಳ ಬಾಗಿಲಿಗೆ ಚಿಲಕ ಹಾಕುವ ಗೌಡನನ್ನು ನಾವು ಸಿನಿಮಾದಲ್ಲಿ ಬೈಯುತ್ತೇವೆ. ಚಿಲಕದ ಬದಲು ರೈಲ್ವೆಗೆ ಕಾಗದ ಹೋದರೆ ಅದನ್ನು ಆಡಳಿತ ಎನ್ನುತ್ತೇವೆ.

ಇನ್ನು ಆ ವರ್ಷದ ಆಗಸ್ಟ್ ಕೊನೆಯ ವಾರ. ಆಗಸ್ಟ್ 27ರಂದು ಜಿಎಸ್‌ಟಿ ಮಂಡಳಿಯ ಸಭೆಯ ನಂತರ ಹಣಕಾಸು ಸಚಿವರು ಆದಾಯದ ಕೊರತೆಯ ಬಗ್ಗೆ ಮಾತಾಡುತ್ತಾ ಇದನ್ನು ದೈವದ ಕೃತ್ಯವೆಂದರು. 30ರ ಭಾನುವಾರ ಪ್ರಧಾನಿಗಳ ಮನದ ಮಾತಿನಲ್ಲಿ ಸ್ವದೇಶಿ ಆಟಿಕೆಗಳು ಬಂದವು, ದೇಶಿ ತಳಿಯ ನಾಯಿಗಳು ಬಂದವು. ನಮ್ಮ ಮುಧೋಳ ನಾಯಿಯ ಹೆಸರು ಬಂತೆಂದು ಕನ್ನಡ ಚಾನೆಲ್ಲುಗಳಿಗೆ ಹಬ್ಬ. 31ರಂದು ಏಪ್ರಿಲ್‌ನಿಂದ ಜೂನ್‌ವರೆಗಿನ ಜಿಡಿಪಿ ಅಂಕಿ ಹೊರಬಿತ್ತು: ಹಿಂದಿನ ವರ್ಷದ ಅದೇ ಅವಧಿಗಿಂತ ಶೇ. 23.9 ಕುಸಿತ. ಹೆಚ್ಚುಕಡಿಮೆ ಕಾಲು ಭಾಗ. ಆ ದಿನಗಳಲ್ಲಿ ರಾತ್ರಿ 9ರ ಟಿವಿ ಚರ್ಚೆಗಳಲ್ಲಿ ಕೂಗಾಡಿದ್ದು ಒಬ್ಬ ಚಿತ್ರನಟನ ಸಾವಿನ ಬಗ್ಗೆ ಮತ್ತು ಅವನ ಗೆಳತಿಯ ವಾಟ್ಸಾಪ್ ಸಂದೇಶಗಳ ಬಗ್ಗೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ನಮ್ಮ ಅಜ್ಜಿಯಂದಿರು ಮೂದಲಿಸುತ್ತಿದ್ದುದು ಬಡವರನ್ನು. ಹಿಟ್ಟಿದ್ದವರೇ ಜುಟ್ಟಿನ ಮಾತಲ್ಲಿ ಮುಳುಗಿದ ಕಾಲಕ್ಕೆ ಅವರು ಗಾದೆ ಮಾಡಿರಲಿಲ್ಲ.

ಸೆಪ್ಟೆಂಬರ್ 14ರಂದು ಸಂಸತ್ತು ಕೂಡಿತು, ಪ್ರಶ್ನೋತ್ತರ ಅವಧಿ ಇಲ್ಲದೆ. ಲಾಕ್‌ಡೌನಿನಲ್ಲಿ ಎಷ್ಟು ವಲಸೆ ಕಾರ್ಮಿಕರು ಸತ್ತರು ಎಂಬ ಪ್ರಶ್ನೆಗೆ ಕಾರ್ಮಿಕ ಸಚಿವಾಲಯದ ಲಿಖಿತ ಉತ್ತರ: ಅಂಥ ಮಾಹಿತಿ ಇಟ್ಟಿಲ್ಲ. ಮಾಹಿತಿ ಇಲ್ಲವಾದ್ದರಿಂದ ಪರಿಹಾರದ ಪ್ರಶ್ನೆಯೂ ಏಳುವುದಿಲ್ಲ. ಊರಿಗೆ ಮರಳಿದವರು 1 ಕೋಟಿ 4 ಲಕ್ಷಕ್ಕೂ ಹೆಚ್ಚು ಎಂಬ ಲೆಕ್ಕ ಅದೇ ಸಚಿವಾಲಯದ ಬಳಿ ಇತ್ತು. ಅದೇ ಅಧಿವೇಶನದಲ್ಲಿ ರೈಲ್ವೆ ಸಚಿವರು ಶ್ರಮಿಕ್ ರೈಲುಗಳಲ್ಲಿ 97 ಜನ ಸತ್ತರೆಂದು ತಿಳಿಸಿದರು. ಎಣಿಸಲು ಮನಸ್ಸು ಮಾಡಿದ ಕಡೆ ಸಂಖ್ಯೆ ಸಿಕ್ಕಿತು ಎಂದಾಯಿತು. ರಸ್ತೆಯಲ್ಲಿ ಸತ್ತವರನ್ನು ಎಣಿಸಲು ಯಾರೂ ಮನಸ್ಸು ಮಾಡಲಿಲ್ಲ. ನಮ್ಮಲ್ಲಿ ಗಣತಿಗೆ ಸಿಗದ ಸಾವು ಸಾವೇ ಅಲ್ಲ.

ಆಮೇಲಿನ ವಾರ ಅದೇ ಸಂಸತ್ತು ವಿರೋಧ ಪಕ್ಷಗಳು ಬಹಿಷ್ಕರಿಸಿದ್ದ ಸದನದಲ್ಲಿ ಮೂರು ಕಾರ್ಮಿಕ ಸಂಹಿತೆಗಳಿಗೆ ಒಪ್ಪಿಗೆ ಕೊಟ್ಟಿತು. ಸರ್ಕಾರದ ಅನುಮತಿ ಇಲ್ಲದೆ ಕೆಲಸಗಾರರನ್ನು ತೆಗೆಯಬಹುದಾದ ಕಾರ್ಖಾನೆಯ ಮಿತಿ 100 ಜನದಿಂದ 300ಕ್ಕೇರಿತು. 2025ರ ನವೆಂಬರ್ 21ರಿಂದ ಅವು ಜಾರಿಯಲ್ಲಿವೆ. ಸಂಹಿತೆಗಳ ಪರವಾಗಿಯೂ ವಾದವಿದೆ, ನೇಮಕಾತಿ ಪತ್ರ ಕಡ್ಡಾಯವಾದದ್ದು ಒಳ್ಳೆಯದೇ. ಆದರೆ ಕೂಲಿಯವರು ಹೆದ್ದಾರಿಯ ಧೂಳು ಇನ್ನೂ ಒರೆಸಿಕೊಳ್ಳುತ್ತಿದ್ದಾಗ, ಅವರ ಪರವಾಗಿ ಕೇಳುವ ಬಾಯಿ ಸದನದಲ್ಲಿಲ್ಲದಾಗ, ಅವರ ಕಾನೂನು ಬದಲಾಯಿಸಿದ್ದನ್ನು ಆತುರ ಎನ್ನದೆ ಇನ್ನೇನು ಎನ್ನಬೇಕು?

ಡಿಸೆಂಬರ್ ಬಂತು. 12ರಂದು ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುವ ವಿಸ್ಟ್ರಾನ್ ಕಾರ್ಖಾನೆಯ ಕೆಲಸಗಾರರು ಸಂಬಳದ ಸಿಟ್ಟಿಗೆ ಗಾಜು ಒಡೆದರು. ಮೊದಲ ದಿನಗಳಲ್ಲಿ ನಾವು ಚರ್ಚಿಸಿದ್ದು ಕಂಪನಿಗಾದ ನಷ್ಟ ಮತ್ತು ರಾಜ್ಯದ ಮಾನ. ಒಂದು ವಾರದೊಳಗೆ ಕಂಪನಿಯೇ ಕೆಲವರಿಗೆ ಸಂಬಳ ಸರಿಯಾಗಿ ಸಂದಿಲ್ಲವೆಂದು ಒಪ್ಪಿಕೊಂಡಿತು. ಈ ನಡುವೆ, 15ರಂದು, ನಮ್ಮ ವಿಧಾನ ಪರಿಷತ್ತಿನ ಹಿರಿಯರು ಸಭಾಪತಿ ಪೀಠದಲ್ಲಿ ಯಾರು ಕೂರಬೇಕೆಂದು ಪರಸ್ಪರ ಎಳೆದಾಡಿದರು, ಉಪಸಭಾಪತಿಯನ್ನು ಕುರ್ಚಿಯಿಂದ ಎಬ್ಬಿಸಿದರು. ದೆಹಲಿಯಲ್ಲಿ 10ರಂದು ಹೊಸ ಸಂಸತ್ ಭವನಕ್ಕೆ ಅಡಿಗಲ್ಲು ಬಿದ್ದಾಗಿತ್ತು. ಮಾರ್ಚ್‌ನಲ್ಲಿ 26 ಸಾವಿರಕ್ಕಿಂತ ಕೆಳಗೆ ಬಿದ್ದಿದ್ದ ಸೆನ್ಸೆಕ್ಸ್ ಜನವರಿ 21ಕ್ಕೆ 50 ಸಾವಿರ ಮುಟ್ಟಿತು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಅದಕ್ಕೆ ಬಂದ ಹೆಬ್ಬೆರಳುಗಳನ್ನು ನಾನು ಎಣಿಸಲಿಲ್ಲ.

ಲೋಕವೇ ತತ್ತರಿಸಿದ ಕಾಲದಲ್ಲಿ ಯಾರು ತಾನೇ ಏನು ಮಾಡಬಹುದಿತ್ತು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ರೋಗ ಸರ್ಕಾರದ ತಪ್ಪಲ್ಲ. ಪಡಿತರ ಚೀಟಿಯಿದ್ದ ಸುಮಾರು 80 ಕೋಟಿ ಜನರಿಗೆ ತಲಾ 5 ಕಿಲೋ ಧಾನ್ಯ ಉಚಿತವಾಗಿ ಸಿಕ್ಕಿತು, ಉದ್ಯೋಗ ಖಾತರಿಗೆ 40,000 ಕೋಟಿ ರೂಪಾಯಿ ಹೆಚ್ಚುವರಿ ಬಂತು, 2021ರಲ್ಲಿ ಇ-ಶ್ರಮ್ ನೋಂದಣಿ ಶುರುವಾಯಿತು. ಇವೆಲ್ಲ ಜೀವ ಉಳಿಸಿದ ಕೆಲಸಗಳು. ಆದರೆ ಗಮನಿಸಿ, ಇವುಗಳಲ್ಲಿ ಯಾವುದೂ ತಟ್ಟೆ ಬಡಿದದ್ದರಿಂದ ಬರಲಿಲ್ಲ. ಹಿಂದೆ ಯಾರೋ ಜಗಳವಾಡಿ ಗಳಿಸಿದ್ದ ಆಹಾರದ ಹಕ್ಕು, ಉದ್ಯೋಗದ ಹಕ್ಕು ಎಂಬ ಕಾಯಿದೆಗಳ ಕೊಳವೆಯಲ್ಲೇ ಧಾನ್ಯವೂ ದುಡ್ಡೂ ಹರಿದವು. ಹಕ್ಕು ಇದ್ದ ಕಡೆ ಅನ್ನ ತಲುಪಿತು. ಬಾಡಿಗೆಗೆ, ಬಾಕಿ ಕೂಲಿಗೆ, ಊರಿನ ದಾರಿಗೆ ಹಕ್ಕು ಇರಲಿಲ್ಲ, ಅಲ್ಲಿ ಹೊಗಳಿಕೆ ತಲುಪಿತು.

ಹಾಗಾಗಿ ನನ್ನ ಬೇಡಿಕೆ ದೊಡ್ಡದಲ್ಲ. ಮುಂದಿನ ಕಷ್ಟದ ವರ್ಷ ಬಂದಾಗ, ಬಂದೇ ಬರುತ್ತದೆ, ಯಾರಾದರೂ ನಿಮ್ಮ ಕೈಗೆ ತಟ್ಟೆ ಕೊಟ್ಟು ಬಡಿಯಿರಿ ಎಂದರೆ, ಯಾರ ಬಾಡಿಗೆಯನ್ನು ಯಾರು ಕಟ್ಟುತ್ತಿದ್ದಾರೆ ಎಂದು ಮೊದಲು ಕೇಳಿ. ಸತ್ತವರ ಲೆಕ್ಕವನ್ನು ಯಾವ ಇಲಾಖೆ ಬರೆಯುತ್ತಿದೆ ಎಂದು ನಿಮ್ಮ ಸಂಸದರಿಗೆ ಕಾಗದ ಹಾಕಿ. ಯಾವುದೋ ಮಗುವಿನ ಸಾಹಸದ ವಿಡಿಯೋ ಬಂದರೆ ಮುಂದಕ್ಕೆ ಕಳಿಸುವ ಮೊದಲು, ಆ ಸಾಹಸ ಬೇಕಾಗದ ಹಾಗೆ ಮಾಡಬೇಕಾಗಿದ್ದವರು ಯಾರೆಂದು ಒಂದು ಸಾಲು ಸೇರಿಸಿ ಕಳಿಸಿ.

ನಮ್ಮ ದೀದಿ ಆ ವರ್ಷ ದೀಪಾವಳಿ ಕಳೆದ ಮೇಲೆ ವಾಪಸು ಬಂದರು. ಒಂದೂವರೆ ತಿಂಗಳಿನ ಬಾಕಿಯನ್ನು ಕವರಿನಲ್ಲಿಟ್ಟು ಕೊಟ್ಟಾಗ ನಾನು, "ನೀವು ಬಹಳ ಧೈರ್ಯವಂತರು" ಎಂದೆ. ಅವರು ನೋಟು ಎಣಿಸಿ ಮುಗಿಸಿ, ಸರಿಯಾಗಿದೆ ಎಂದು ತಲೆಯಾಡಿಸಿ, ಪಾತ್ರೆ ತೊಳೆಯಲು ಹೋದರು. ನನ್ನ ಮೊದಲ ಮಾತಿಗೆ ಅವರು ಉತ್ತರ ಕೊಡಲಿಲ್ಲ. ಕೊಡಬೇಕಾದ್ದೂ ಇರಲಿಲ್ಲ.