ಕಾರ್ಡ್ ಕೈಯಲ್ಲಿದೆ, ಆಸ್ಪತ್ರೆ ಎಲ್ಲಿದೆ?

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಯಾರಿಗಾದರೂ ದಿಢೀರನೆ ಎದೆನೋವು ಕಾಣಿಸಿಕೊಂಡರೆ ಮನೆಯವರ ನಡುವೆ ಮೊದಲು ಚರ್ಚೆಯಾಗುವುದು ಊರಿನ ಬಗ್ಗೆ. ಮಣಿಪಾಲಕ್ಕೋ, ಮಂಗಳೂರಿಗೋ, ಹುಬ್ಬಳ್ಳಿಗೋ? ಕಾರವಾರದ ಕಡೆಯವರಾದರೆ ಗೋವಾಕ್ಕೋ? ಕಾರವಾರದಿಂದ ಮಣಿಪಾಲ ಸುಮಾರು 200 ಕಿ.ಮೀ., ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿ.ಮೀ. ಮಳೆಗಾಲದಲ್ಲಿ ಘಟ್ಟದ ರಸ್ತೆಗೆ ಗುಡ್ಡ ಕುಸಿದರೆ ಈ ಲೆಕ್ಕವೂ ತಪ್ಪುತ್ತದೆ. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದ್ದರೂ ತಲೆಗೆ ಪೆಟ್ಟು ಬಿದ್ದಿದೆ, ಹೃದಯದ ತೊಂದರೆ ಎಂದಾಗ ಜನ ಇಂದಿಗೂ ಜಿಲ್ಲೆಯ ಗಡಿ ದಾಟುತ್ತಾರೆ.

2022ರ ಜುಲೈನಲ್ಲಿ ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯೊಬ್ಬರನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ತಾಲ್ಲೂಕಿನ ಶಿರೂರು ಟೋಲ್ ಗೇಟ್ ಬಳಿ ಅಪಘಾತಕ್ಕೀಡಾಗಿ ನಾಲ್ವರು ಜೀವ ಕಳೆದುಕೊಂಡರು. ಆ ಬಳಿಕ ಜಿಲ್ಲೆಯ ಯುವಜನರು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಸಾಮಾಜಿಕ ಜಾಲತಾಣಗಳಲ್ಲಿ, ಬೀದಿಗಳಲ್ಲಿ ದನಿ ಎತ್ತಿದರು. ‘ಆಸ್ಪತ್ರೆ ಇಲ್ಲದಿದ್ದರೆ ಮತವೂ ಇಲ್ಲ’ ಎಂದರು. ಆ ಬೇಡಿಕೆ ನನ್ನದೂ ಹೌದು. ಆದರೆ ಜಿಲ್ಲೆಗೊಂದು ದೊಡ್ಡ ಕಟ್ಟಡ ಬಂದರಷ್ಟೇ ಸಾಲದು. ರಾಜ್ಯದ ಪ್ರತಿಯೊಬ್ಬರಿಗೂ ಮನೆಗೆ ಹತ್ತಿರದಲ್ಲಿ, ಭರಿಸಬಹುದಾದ ಖರ್ಚಿನಲ್ಲಿ ಚಿಕಿತ್ಸೆ ಸಿಗುವುದು ಕಾನೂನಿನ ಹಕ್ಕಾಗಬೇಕು.

ಸರ್ಕಾರಗಳು ಏನೂ ಮಾಡಿಲ್ಲ ಎಂದು ಹೇಳುವುದು ಅನ್ಯಾಯವಾದೀತು. ಸಹಕಾರ ಸಂಘಗಳ ರೈತರಿಗಾಗಿ 2003ರಲ್ಲೇ ಯಶಸ್ವಿನಿ ಜಾರಿಗೆ ಬಂತು. 2010ರಲ್ಲಿ ಬಡ ಕುಟುಂಬಗಳಿಗೆ ವಾಜಪೇಯಿ ಆರೋಗ್ಯಶ್ರೀ ಬಂತು. 2018ರಲ್ಲಿ ಹಲವು ಯೋಜನೆಗಳು ‘ಆರೋಗ್ಯ ಕರ್ನಾಟಕ’ದಲ್ಲಿ ಸೇರಿ, ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತದ ಜೊತೆ ಒಂದಾದವು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ 30ರಷ್ಟನ್ನು ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ಸರ್ಕಾರ ಭರಿಸುತ್ತದೆ. ಈ ಕಾರ್ಡಿನಿಂದ ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬದುಕಿದವರು ನಮ್ಮೂರಿನಲ್ಲೂ ಇದ್ದಾರೆ.

ಆದರೆ ಕಾರ್ಡ್ ಮುಖ್ಯವಾಗಿ ನೆರವಿಗೆ ಬರುವುದು ಆಸ್ಪತ್ರೆಯಲ್ಲಿ ದಾಖಲಾದ ಮೇಲೆ. ಬಡವರ ಕಿಸೆ ಖಾಲಿಯಾಗುವುದು ಅದಕ್ಕಿಂತ ಎಷ್ಟೋ ಮೊದಲು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಿಗೆ ತಿಂಗಳು ತಿಂಗಳೂ ಮಾತ್ರೆ ಬೇಕು, ಆಗಾಗ ರಕ್ತ ಪರೀಕ್ಷೆ ಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಮುಗಿದಿದ್ದರೆ ಚೀಟಿ ಹಿಡಿದು ಹೊರಗಿನ ಅಂಗಡಿಗೆ ಹೋಗಬೇಕು. ಬಸ್ ಚಾರ್ಜು, ಹೋಟೆಲ್ ಊಟ, ರೋಗಿಯ ಜೊತೆ ಹೋದವರ ಒಂದು ದಿನದ ಕೂಲಿ ಇವು ಯಾವ ಪ್ಯಾಕೇಜಿನಲ್ಲೂ ಇಲ್ಲ. ಹೀಗಾಗಿ ಅಡಿಕೆ ತೋಟದ ಕೆಲಸಕ್ಕೆ ಹೋಗುವ ಹೆಂಗಸೊಬ್ಬರು ‘ಈ ತಿಂಗಳು ಆರಾಮಿದ್ದೇನೆ’ ಎಂದು ಮಾತ್ರೆ ನಿಲ್ಲಿಸುತ್ತಾರೆ. ಕೆಲವು ವರ್ಷಗಳ ನಂತರ ಕಿಡ್ನಿ ಕೈಕೊಟ್ಟಾಗ ಸರ್ಕಾರ ಅವರ ಡಯಾಲಿಸಿಸ್‌ಗೆ ದುಡ್ಡು ಕೊಡುತ್ತದೆ. ಸಣ್ಣ ಖರ್ಚಿನಲ್ಲಿ ತಡೆಯಬಹುದಾಗಿದ್ದ ಕಾಯಿಲೆಗೆ ದೊಡ್ಡ ಖರ್ಚು ಮಾಡುವುದು ಯಾವ ಸೀಮೆಯ ಉಳಿತಾಯ?

ಎಪಿಎಲ್ ಎಂಬ ಗೆರೆಯದ್ದು ಇನ್ನೊಂದು ಕಥೆ. ಒಂದಿಷ್ಟು ಸಂಬಳ ಬರುವ, ಒಂದು ಹಳೆಯ ಕಾರು ಇರುವ ಕುಟುಂಬ ಈ ಗೆರೆಯ ಮೇಲಿರಬಹುದು. ಕ್ಯಾನ್ಸರ್ ಬಂದರೆ ಅದೇ ಕುಟುಂಬ ತೋಟ ಅಡವಿಡುತ್ತದೆ, ಮಗಳ ಕಾಲೇಜು ಬಿಡಿಸುತ್ತದೆ. ಕಾಯಿಲೆ ರೇಷನ್ ಕಾರ್ಡಿನ ಬಣ್ಣ ನೋಡಿ ಬರುವುದಿಲ್ಲ. ಆದ್ದರಿಂದ ಚಿಕಿತ್ಸೆಯೂ ಎಲ್ಲರಿಗೂ ಇರಬೇಕು.

ಹಾಗಾದರೆ ಏನು ಮಾಡಬೇಕು? ಮೊದಲು ತಾಲ್ಲೂಕು ಆಸ್ಪತ್ರೆಗಳನ್ನು ಗಟ್ಟಿ ಮಾಡಬೇಕು. ಹೆರಿಗೆ ತಜ್ಞರಿದ್ದು ಅರಿವಳಿಕೆ ತಜ್ಞರಿಲ್ಲದಿದ್ದರೆ ಸಿಸೇರಿಯನ್ ಮಾಡಲಾಗದು. ಇಬ್ಬರೂ ಇದ್ದು ರಕ್ತ ಸಿಗದಿದ್ದರೆ ಗರ್ಭಿಣಿಯನ್ನು ಮತ್ತೆ ಆಂಬುಲೆನ್ಸ್ ಹತ್ತಿಸಬೇಕು. ಅಂದರೆ ವೈದ್ಯರನ್ನು ಒಬ್ಬೊಬ್ಬರಾಗಿ ನೇಮಿಸಿದರೆ ಸಾಲದು, ಇಡೀ ತಂಡವನ್ನೇ ಕೊಡಬೇಕು. ಇರಲು ಒಳ್ಳೆಯ ಮನೆ, ಮಕ್ಕಳಿಗೆ ಶಾಲೆ, ಸಮಯಕ್ಕೆ ಸಂಬಳ ಸಿಕ್ಕರೆ ವೈದ್ಯರು ಜೊಯಿಡಾದಲ್ಲೂ ನಿಲ್ಲುತ್ತಾರೆ.

ಇದು ಆಗದ ಮಾತಲ್ಲ ಎನ್ನುವುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ಮಾಡಿದ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ನೋಡುತ್ತಾರೆ. ಹೃದಯಾಘಾತ ಖಚಿತವಾದರೆ ರಕ್ತ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ರೋಗಿ ಮುಂದಿನ ಆಸ್ಪತ್ರೆಗೆ ಹೋಗುವ ಮೊದಲೇ ಚಿಕಿತ್ಸೆ ಶುರುವಾಗಿರುತ್ತದೆ. ಬೆಂಗಳೂರಿನ ಜಯದೇವ ಸಂಸ್ಥೆ ಮೈಸೂರು, ಕಲಬುರಗಿಗೂ ಹೋಗಿದೆ. ಹೃದಯಕ್ಕೆ ಸಾಧ್ಯವಾದದ್ದು ಪಾರ್ಶ್ವವಾಯು, ಅಪಘಾತ, ಹೆರಿಗೆಗೆ ಏಕೆ ಸಾಧ್ಯವಿಲ್ಲ?

ಔಷಧಕ್ಕೆ ಪಕ್ಕದ ತಮಿಳುನಾಡನ್ನು ನೋಡಬೇಕು. 1994ರಲ್ಲಿ ಅಲ್ಲಿ ಸ್ಥಾಪನೆಯಾದ ವೈದ್ಯಕೀಯ ಸೇವೆಗಳ ನಿಗಮ ಔಷಧಗಳನ್ನು ಒಟ್ಟಾಗಿ ಖರೀದಿಸಿ, ಗುಣಮಟ್ಟ ಪರೀಕ್ಷಿಸಿ, ಗೋದಾಮುಗಳ ಮೂಲಕ ಆಸ್ಪತ್ರೆಗಳಿಗೆ ಹಂಚುತ್ತದೆ. 2021ರಿಂದ ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳನ್ನು ಮನೆ ಬಾಗಿಲಿಗೇ ತಲುಪಿಸುವ ಕೆಲಸವೂ ಆ ರಾಜ್ಯದಲ್ಲಿ ನಡೆದಿದೆ. ನಮ್ಮಲ್ಲೂ 2024ರಲ್ಲಿ ಕೋಲಾರದಿಂದ ಗೃಹ ಆರೋಗ್ಯ ಆರಂಭವಾಗಿದೆ. ಮನೆಗೆ ಬಂದು ಕಾಯಿಲೆ ಪತ್ತೆ ಮಾಡಿದರೆ ಅರ್ಧ ಕೆಲಸ ಆಯಿತು. ಮಾತ್ರೆ ತಿಂಗಳು ತಪ್ಪದೆ ಸಿಕ್ಕರೆ ಉಳಿದರ್ಧ.

ಇವೆಲ್ಲವೂ ಸರ್ಕಾರ ಬದಲಾದಾಗ ಹೆಸರು ಬದಲಿಸುವ ಯೋಜನೆಗಳಾಗಿ ಉಳಿಯಬಾರದು ಎಂದೇ ನಾನು ಕಾನೂನು ಕೇಳುತ್ತಿರುವುದು. ಸಂವಿಧಾನದ ಪ್ರಕಾರ ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯ ಪಟ್ಟಿಯ ವಿಷಯ. ತುರ್ತು ಹೊತ್ತಿನಲ್ಲಿ ಸರ್ಕಾರಿ ಆಸ್ಪತ್ರೆ ಚಿಕಿತ್ಸೆ ನಿರಾಕರಿಸುವುದು ಬದುಕುವ ಹಕ್ಕಿನ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. 2023ರಲ್ಲಿ ರಾಜಸ್ಥಾನ ಆರೋಗ್ಯದ ಹಕ್ಕಿನ ಮಸೂದೆಯನ್ನು ಅಂಗೀಕರಿಸಿತು. ಆಗ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ನಮ್ಮ ರಾಜ್ಯದಲ್ಲೂ 2017ರಲ್ಲಿ ಖಾಸಗಿ ಆಸ್ಪತ್ರೆಗಳ ನಿಯಂತ್ರಣ ಕಾಯ್ದೆಗೆ ತಿದ್ದುಪಡಿ ತರಲು ಹೊರಟಾಗ ಹೀಗೇ ಆಯಿತು. ತುರ್ತು ಚಿಕಿತ್ಸೆ ಕೊಟ್ಟರೆ ಹಣ ಯಾರು ಕೊಡುತ್ತಾರೆ ಎಂಬ ವೈದ್ಯರ ಪ್ರಶ್ನೆ ನ್ಯಾಯವಾದದ್ದೇ. ಹಾಗಾಗಿ ರೋಗಿಯ ಹಕ್ಕಿನ ಜೊತೆಗೆ ಇಂತಿಷ್ಟು ದಿನದೊಳಗೆ ಸರ್ಕಾರ ಬಿಲ್ ಪಾವತಿಸಬೇಕೆಂಬ ನಿಯಮವನ್ನೂ ಕಾನೂನಿನಲ್ಲೇ ಬರೆಯಬೇಕು.

ದುಡ್ಡು ಎಲ್ಲಿಂದ ಎಂದು ಕೇಳುವವರು 2017ರ ರಾಷ್ಟ್ರೀಯ ಆರೋಗ್ಯ ನೀತಿಯನ್ನು ಒಮ್ಮೆ ಓದಬೇಕು. ರಾಜ್ಯಗಳು 2020ರೊಳಗೆ ತಮ್ಮ ಬಜೆಟ್‌ನ ಶೇ 8ಕ್ಕಿಂತ ಹೆಚ್ಚು ಹಣವನ್ನು ಆರೋಗ್ಯಕ್ಕೆ ಖರ್ಚು ಮಾಡುವಂತಾಗಬೇಕು ಎಂಬ ಗುರಿ ಅದರಲ್ಲಿದೆ. ಪ್ರತಿ ಮಾರ್ಚ್‌ನಲ್ಲಿ ‘ನಮ್ಮ ಜಿಲ್ಲೆಗೆ ಏನು ಸಿಕ್ಕಿತು?’ ಎಂದು ಬಜೆಟ್ ನೋಡುವ ನಾವು, ಆರೋಗ್ಯಕ್ಕೆ ನೂರರಲ್ಲಿ ಎಷ್ಟು ಇಟ್ಟಿದ್ದಾರೆ ಎಂಬುದನ್ನೂ ನೋಡೋಣ.

ಯುವಜನರು ಬೆಂಗಳೂರಿನ ಕಡೆ ನೋಡುತ್ತ ಕಾಯಬೇಕಿಲ್ಲ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು, ಕಳೆದ ಆರು ತಿಂಗಳಲ್ಲಿ ಯಾವ ಔಷಧ ಎಷ್ಟು ದಿನ ಇರಲಿಲ್ಲ ಎಂದು ಮಾಹಿತಿ ಹಕ್ಕಿನಡಿ ಕೇಳಬಹುದು. ಅರ್ಜಿ ಶುಲ್ಕ ಹತ್ತೇ ರೂಪಾಯಿ. ಸಿಕ್ಕ ಉತ್ತರವನ್ನು ಗ್ರಾಮಸಭೆಯಲ್ಲಿ, ಆರೋಗ್ಯ ರಕ್ಷಾ ಸಮಿತಿಯ ಮುಂದೆ ಓದಿ ಹೇಳಬಹುದು. ಮತ ಕೇಳಲು ಬಂದವರ ಕೈಗೂ ಅದರ ಪ್ರತಿ ಕೊಡಬಹುದು.